ಇತರೆ ದರ್ಜೆಯವರು

ಹಾಸನದ ಸೈನಿಕ ಕಲ್ಯಾಣ ಕಚೇರಿಯ ಗುಮಾಸ್ತರು ಒಳ್ಳೆಯವರು.
ಫ್ಯಾನಿನ ಕೆಳಗೆ ಕೂರಿಸಿ ಕೇಳಿದರು:
ಯಾವ ಸ್ಪೆಲಿಂಗಮ್ಮಾ?

ಚಿಕ್ಕಬೈರಯ್ಯ. ಬಾಣಾವರ.
ಬಿಡುಗಡೆ ಪತ್ರದಲ್ಲಿ ಚೀಕಾ ಬೇರಿಯಾ,
ಸಂಬಳದ ಪುಸ್ತಕದಲ್ಲಿ ಚಿಕ್ ಬಾಯಿರ್.
ಎರಡರಲ್ಲೂ ಒಂದೇ ಥರ ಇದ್ದದ್ದು
ಬಲ ಹುಬ್ಬಿನ ಮೇಲಿನ ಗಾಯ.
ದಳದ ಹೆಸರಲ್ಲಿ ‘ಪ್ರಾಣಿ ಸಾರಿಗೆ’ ಅನ್ನುವಷ್ಟನ್ನು ಬಿಟ್ಟು
ನಂಬರನ್ನು ನುಸಿ ತಿಂದಿತ್ತು.

ಆ ತೂತಿನೊಳಗೆ ಬೆರಳಿಟ್ಟುಕೊಂಡೇ ಎರಡು ವರ್ಷ ಓದಿದೆ.

ಬರ್ಮಾದ ಕಾಡಿನ ಬಗ್ಗೆ ದೊರೆಗಳು ಬರೆದ ನೆನಪುಗಳು;
ಕೆಲವು ಪೋಸ್ಟಿನಲ್ಲಿ ತರಿಸಿದ್ದು,
ಒಂದು ಮೈಸೂರಿನ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕಿದ್ದು.
ಮುಪ್ಪಿನಲ್ಲಿ ಗುಲಾಬಿಗೆ ನೀರು ಹಾಕಿ ಬಂದು ಕೂತು
ಬರೆದ ಹಾಗಿದ್ದವು.
ಚಹಾ ಹೇಗಿತ್ತು, ಜಿಗಣೆ ಎಷ್ಟಿದ್ದವು,
ಯಾವ ಗುಡ್ಡದ ಮೇಲೆ ಯಾವ ಗೆಳೆಯ ಹೋದ.
ಲೆಕ್ಕ ಬರೆವಾಗ ಹೀಗೆ:
ಅಧಿಕಾರಿಗಳು ಇಬ್ಬರು. ಹೇಸರಗತ್ತೆ ಹನ್ನೊಂದು.
ಇತರೆ ದರ್ಜೆಯವರು ಹತ್ತೊಂಬತ್ತು.

ಹೇಸರಗತ್ತೆಗಳಿಗೆ ಹೆಸರಿತ್ತು. ಡೈಸಿ. ಡಚೆಸ್. ಮಿಸೆಸ್ ಪಾರ್ಕರ್.
ಡಚೆಸ್ ಹೊಳೆಯಲ್ಲಿ ಕೊಚ್ಚಿಹೋದದ್ದಕ್ಕೆ ಒಂದೂವರೆ ಪುಟ.
ನಾನೂ ಅತ್ತೆ, ಸುಳ್ಳೇಕೆ.
ಆಮೇಲೆ ಪುಟ ಹಿಂದಕ್ಕೆ ತಿರುವಿ ಹುಡುಕಿದೆ,
ಹಗ್ಗ ಹಿಡಿದಿದ್ದವನು ಯಾರು ಅಂತ.
ಕನ್ನಡದಲ್ಲಿ ಹೇಳುವುದಾದರೆ
‘ಅವಳನ್ನು ನಡೆಸುತ್ತಿದ್ದವನೂ’ ಎಂದಿತ್ತು, ಅಷ್ಟೆ.
ಆ ಕೊನೆಯ ದೀರ್ಘದಲ್ಲಿ ಒಬ್ಬ ಮನುಷ್ಯ ಮುಳುಗಿದ್ದ.

ನನ್ನ ತಾತ ಮುಳುಗಲಿಲ್ಲ.
ನಲವತ್ತಾರರ ಆಷಾಢದಲ್ಲಿ ಸ್ಟೇಷನ್ನಿನಲ್ಲಿ ಇಳಿದು
ಅಜ್ಜಿ ಕಾಲಿಗೆಂದು ಕೊಟ್ಟ ಚೆಂಬಿನ ನೀರನ್ನು
ನಿಂತಲ್ಲೇ ಕುಡಿದುಬಿಟ್ಟನಂತೆ.
‘ಮಾತ ಅಲ್ಲೇ ಎಲ್ಲೋ ಮಡಗಿ ಬಂದವ್ರೆ ನಿಮ್ ತಾತ’
ಅನ್ನೋಳು ಗಿರಿಯಜ್ಜಿ,
ಬಸ್ಸಿನಲ್ಲಿ ಕೊಡೆ ಬಿಟ್ಟು ಬಂದವರ ಬಗ್ಗೆ ಹೇಳುವ ಹಾಗೆ.

ನನಗೆ ಗೊತ್ತಿದ್ದದ್ದು ಇಷ್ಟು:
ಹಗಲು ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊಲಿಯುವುದು,
ಸಂಜೆ ಮಡಿವಾಳರ ದೊಡ್ಡಯ್ಯನ ಕತ್ತೆಗಳ ಹತ್ತಿರ ಹೋಗಿ ನಿಲ್ಲುವುದು.
ಗಂಟಲ ಕೆಳಗೆ ಎರಡು ಬೆರಳಿಟ್ಟು
ನಾಡಿ ನೋಡುವ ಪಂಡಿತನ ಹಾಗೆ ಕಾಯುತ್ತಿದ್ದ.
ಕತ್ತೆ ಕೂಗಿದರೆ
ನಮ್ಮ ಯಾರ ಮದುವೆಯಲ್ಲೂ ನಗದಷ್ಟು ನಗುತ್ತಿದ್ದ.
ಸ್ಕೂಲಿನಲ್ಲಿ ನಾನು ಕತ್ತೆ ತಾತನ ಮೊಮ್ಮಗಳು.
ಆ ಕೇರಿಗೆ ಹೋಗಬೇಡ ಅಂತ ಒಂದು ದಿನ
ಅವನ ಪಂಚೆ ಹಿಡಿದು ಜಗ್ಗಿದ್ದೆ.

ಆರನೆಯ ಪುಸ್ತಕ, ನೂರಾ ಹದಿನೇಳನೆಯ ಪುಟ:
ಕಾಡಿಗೆ ಹೊರಡುವ ಮುನ್ನ,
ವೈರಿಗೆ ಕೇಳಬಾರದೆಂದು,
ಹೇಸರಗತ್ತೆಗಳ ಧ್ವನಿಯ ತಂತು ಕತ್ತರಿಸಲಾಯಿತು.
ದಿನಕ್ಕೆ ನಲವತ್ತು.
ಡಾಕ್ಟರ ಹೆಸರಿದೆ. ಚೂರಿ ಯಾವ ಊರಿನದೆಂದೂ ಇದೆ.
ತಲೆ ಹಿಡಿದುಕೊಳ್ಳಲು, ಇತರೆ ದರ್ಜೆಯವರು.

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನಾಲ್ಕು ಸಲ. ಐದು ಸಲ.
ಎದ್ದು ಆರಿಸಬೇಕು ಅನ್ನಿಸಲಿಲ್ಲ.

ಇದು ಪುರಾವೆ ಅಲ್ಲ, ನನಗೂ ಗೊತ್ತು.
ಅವನದು ಬೇರೆ ದಳವಿರಬಹುದು.
ಬರ್ಮಾ ನೋಡದೆಯೇ ರಾಂಚಿಯಲ್ಲಿ ಹುಲ್ಲು ತೂಗಿ
ವಾಪಸಾಗಿರಬಹುದು.
ಕತ್ತೆಯ ಮೇಲೆ ಅಕ್ಕರೆ ಇರುವುದಕ್ಕೆ
ಯುದ್ಧವೇ ಆಗಬೇಕೆಂದೇನಿಲ್ಲ.
ದಾಖಲೆ ಕಚೇರಿಯಿಂದಲೂ ಉತ್ತರ ಬಂತು:
ಈ ಹೆಸರಿನವರು ಕಂಡುಬಂದಿಲ್ಲ,
ಸರಿಯಾದ ಹೆಸರಿನೊಂದಿಗೆ ಮತ್ತೆ ಬರೆಯಿರಿ.

ಬಾಣಾವರಕ್ಕೆ ಹೋಗಿದ್ದೆ ಮೊನ್ನೆ.
ಕತ್ತೆಗಳಿಲ್ಲ. ದೊಡ್ಡಯ್ಯನ ಮೊಮ್ಮಗ
ಬಸ್ ಸ್ಟ್ಯಾಂಡ್ ಹತ್ತಿರ ಇಸ್ತ್ರಿ ಅಂಗಡಿ ಇಟ್ಟಿದ್ದಾನೆ.
ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತ ಹೇಳಿದ:
ನಿಮ್ ತಾತ ನಮ್ ಕತ್ತೆಗೆ ಒಂದು ಹೆಸರು ಇಟ್ಟಿದ್ರಂತೆ,
ನಮ್ಮಪ್ಪ ಹಾಗೇ ಕರೆಯೋರು.

ಏನಂತ?

ಪೆಟ್ಟಿಗೆ ಎತ್ತಿ ಹಿಡಿದು ಯೋಚಿಸಿದ.
ಬಟ್ಟೆಯಿಂದ ಹಬೆ ಏಳುತ್ತಿತ್ತು.
ಏನೋ ಒಂದು ಇಂಗ್ಲಿಷ್ ಹೆಸರು ಅಕ್ಕಾ,
ಗಂಟಲಲ್ಲೇ ಇದೆ,
ಬಾಯಿಗೆ ಬರ್ತಾ ಇಲ್ಲ.