ನಲವತ್ತನೇ ನಿಮಿಷ

ಹಬ್ತೆತ್ಸಿಯೋನ್ ಮೇಸ್ತ್ರಿಗೆ ಕಿವಿ ಹೋಗಿ ಆರು ವರ್ಷ.
ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ತುದಿಯನ್ನು ಇಂಜಿನ್ನಿಗೆ ಒತ್ತಿ ನಿಲ್ಲುತ್ತಾನೆ,
ಕಣ್ಣು ಅರೆಮುಚ್ಚಿ, ದವಡೆಯಿಂದ ಆಲಿಸುತ್ತ.
ಮೂರನೇ ವಾಲ್ವು ಸಡಿಲ ಎಂದರೆ ಮೂರನೆಯದೇ.
ಹಿಡಿಯ ತುಂಬ ಹಲ್ಲಿನ ಗುರುತು.
ನಾನು ಮುಟ್ಟಿದರೆ ಬೈಯುತ್ತಾನೆ. ಅದು ಅವನ ಕಿವಿ.

ಅಸ್ಮರಾದಲ್ಲಿ ಗಾಳಿ ತೆಳು.
ಮಸ್ಸಾವಾದ ಕಡಲಿಂದ ಏರಿ ಬಂದ ಗಾಡಿಗಳು
ಕಪ್ಪು ಹೊಗೆ ಕಾರುತ್ತ ಅಂಗಳಕ್ಕೆ ಬರುತ್ತವೆ;
ಕೆಳಗಿನ ಹಸಿವಿಗೆ ಬಡಿಸಿದ ಪೆಟ್ರೋಲು
ಮೇಲೆ ಬಂದಾಗ ಅರಗುವುದಿಲ್ಲ.
ಕಾರ್ಬುರೇಟರಿನ ತಿರುಪು ಕಾಲು ಸುತ್ತು ತಿರುಗಿಸಿ
'ಹೊಟ್ಟೆಬಾಕ' ಎಂದು ಬೆನ್ನು ತಟ್ಟಿ ಕಳಿಸುತ್ತಾನೆ.
ನೀಲಿ ಹೊಗೆಯಾದರೆ ತಟ್ಟುವುದಿಲ್ಲ.
ಎಣ್ಣೆ ಕುಡಿಯುವ ಗಾಡಿಯ ಯಜಮಾನನಿಗೆ
ಮೊದಲು ಕಾಫಿ ಕೊಡಿಸುತ್ತಾನೆ, ಆಮೇಲೆ ಖರ್ಚು ಹೇಳುತ್ತಾನೆ.

ಸೂಲಗಿತ್ತಿ ಲೆತೆಂಗುಸಳ ಫಿಯೆಟ್ ಮಾತ್ರ ಬಗ್ಗಲಿಲ್ಲ.
ಅರವತ್ತೆರಡನೇ ಇಸವಿಯದು, ಬೆನ್ನಲ್ಲಿ ಇಂಜಿನ್, ಆಮೆಯಂಥ ಮೈ.
ಹೊರಟ ನಲವತ್ತು ನಿಮಿಷಕ್ಕೆ
ಕೆಮ್ಮುತ್ತದೆ, ಕುಂಟುತ್ತದೆ, ನಿಲ್ಲುತ್ತದೆ.
ಕಾಲು ಗಂಟೆ ಸುಮ್ಮನೆ ಕೂತರೆ
ಏನೂ ಆಗದವರ ಹಾಗೆ ಎದ್ದು ಓಡುತ್ತದೆ.
ದೆಕೆಮ್‌ಹಾರೆಯ ದಾರಿಯಲ್ಲಿ, ಪಾಪಾಸುಕಳ್ಳಿಯ ಪಕ್ಕ
ಅವಳು ಹೀಗೆ ಕಾದು ಕೂತಿದ್ದಾಗಲೇ
ಎರಡು ಕೂಸು ಅವಳಿಗೆ ಕಾಯದೆ ಹುಟ್ಟಿದವು.

ನಾವೇನು ಕಡಿಮೆ ಮಾಡಿದೆವೆ?
ಕಾಯಿಲ್ ಬದಲಿಸಿದೆವು; ಬಿಸಿಯಾದರೆ ಸಾಯುವುದು ಅದರ ಗುಣ.
ಪಂಪಿನ ಪೊರೆ ಬದಲಿಸಿದೆವು, ಪೈಪಿಗೆ ಒದ್ದೆ ಬಟ್ಟೆ ಸುತ್ತಿದೆವು.
ಮೆದೆಬೆರ್ ಸಂತೆಯಲ್ಲಿ ಕಂಡೆನ್ಸರಿಗೆ
ನಾನೇ ಗಂಟಲು ಹರಿಯುವಂತೆ ಚೌಕಾಸಿ ಮಾಡಿದೆ.
ಅಂಗಳದಲ್ಲಿ ಅರ್ಧ ಗಂಟೆ ಓಡಿಸಿದರೆ ಅಪ್ಪಟ ಚಿನ್ನ.
ಗೇಟು ದಾಟಿ ಹೋದದ್ದು ಹಗ್ಗದ ತುದಿಯಲ್ಲಿ ವಾಪಸ್ಸು.

ನಾಲ್ಕನೇ ಸಲ ಹಗ್ಗ ಬಿಚ್ಚುವಾಗ ಲೆತೆಂಗುಸ್
ನನ್ನ ಕೈಯ ಸೀಮೆಸುಣ್ಣ ಕಸಿದು ನೆಲದ ಮೇಲೆ ಬರೆದಳು:
'ಬಸುರಿ ಬಂದರೆ ನಾನು ಮೊದಲು ಹೊಟ್ಟೆ ಮುಟ್ಟುವುದಿಲ್ಲ.
ಯಾವಾಗಿಂದ ಎಂದು ಕೇಳುತ್ತೇನೆ.'

ಮೇಸ್ತ್ರಿ ಬಗ್ಗಿ ಓದಿದ. ಎರಡು ಸಲ ಓದಿದ.
ಹಲ್ಲಿನಿಂದ ಸ್ಕ್ರೂಡ್ರೈವರ್ ತೆಗೆದ.
'ಯಾವಾಗಿಂದ?'

ಫಾಸಿಕಾ ಹಬ್ಬದಿಂದ, ಬರೆದಳು. ತಮ್ಮ ಬಣ್ಣ ಹೊಡೆದ ವಾರದಿಂದ.
ಕೆನೆಬಣ್ಣ. ಹಠದ ಹುಡುಗ,
ಬಾಗಿಲಿನ ಒಳಮೈ, ಸ್ಟೆಪ್ನಿಯ ಗುಂಡಿ, ಯಾವುದನ್ನೂ ಬಿಟ್ಟವನಲ್ಲ.

ಮುಂದಿನ ಬಾನೆಟ್ಟು ಎತ್ತಿ ನೋಡಿದ, ಮಾತಾಡಲಿಲ್ಲ.
'ಹತ್ತಿ' ಎಂದ. ಮೂವರೂ ಹತ್ತಿದೆವು.
ನೀಲಗಿರಿ ಮರಗಳು ಮುಗಿದು, ಇಳಿಜಾರು ಮುಗಿದು
ನಲವತ್ತನೇ ನಿಮಿಷಕ್ಕೆ ಸರಿಯಾಗಿ ಕೆಮ್ಮು.

ಟ್ಯಾಂಕಿನ ಮುಚ್ಚಳಕ್ಕೂ ಕೆನೆಬಣ್ಣ, ಎರಡು ಕೋಟು, ನಯವಾಗಿ.
ಟ್ಯಾಂಕು ಉಸಿರಾಡಲೆಂದು ಅದರ ನಡುವೆ ಇದ್ದ
ಸಾಸಿವೆಯಷ್ಟು ತೂತು ಎಲ್ಲೂ ಇಲ್ಲ.
ಪೆಟ್ರೋಲು ಇಳಿದಷ್ಟೂ ಒಳಗೆ ಬರಿದು.
ಆ ಬರಿದೇ ಹಿಡಿದು ಜಗ್ಗುವಾಗ ಯಾವ ಪಂಪು ತಾನೆ ಹೀರೀತು?

ಬೆಟ್ಟ ಅಗೆದಿದ್ದೆವು ನಾವು. ಇಲಿ ಇಲ್ಲಿತ್ತು.

'ರಿಶಾನ್, ತಿರುಗಿಸು. ಕಿವಿ ಹತ್ತಿರ ಇಡು.'
ತಿರುಗಿಸಿದೆ. ಒಂದು ಸದ್ದು.
'ಹೇಗಿತ್ತು?' ಎಂದ.
ಸೀಮೆಸುಣ್ಣ ಗ್ಯಾರೇಜಿನಲ್ಲೇ ಉಳಿದಿತ್ತು.
ಇದ್ದರೂ ಅದನ್ನು ಹೇಗೆ ಬರೆಯಲಿ?
ಅವನ ಗ್ರೀಸಿನ ಕೈ ಹಿಡಿದು ನನ್ನ ಬಾಯಿಯ ಮುಂದೆ ತಂದು
ಊದಲಿಲ್ಲ, ಉದ್ದಕ್ಕೆ ಒಳಗೆಳೆದುಕೊಂಡೆ.
ಕೈಮೇಲಿನ ಬಿಳಿ ಕೂದಲು ನನ್ನ ಕಡೆ ಬಾಗಿದವು.
ತಲೆಯಾಡಿಸಿದ.

ಲೆತೆಂಗುಸಳ ಚೀಲದಿಂದಲೇ ಸೂಜಿ ಇಸಿದುಕೊಂಡು ತೂತು ಬಿಡಿಸಿ
ಜೇಬಿನ ಪುಸ್ತಕದಲ್ಲಿ ಬಿಲ್ಲು ಬರೆದ: ಸೂಜಿ, ಒಂದು.
ಸೂಜಿ ಅವಳದೇ ಎಂದು ನೆನಪಾಗಿ
ಗೀಟು ಹಾಕಿದ.