ಯಾವ ಕುಕ್ಕೆ

ಉಡುಪಿಯ ಮಿಷನ್ ಕಾಂಪೌಂಡಿನ ಹಿಂದೆ, ಹಳೆಯ ಹಾಸ್ಟೆಲ್ಲಿನ
ಉಗ್ರಾಣವೇ ಸ್ಟುಡಿಯೊ. ಕಿಟಕಿಗೆ ಎರಡು ಕಂಬಳಿ,
ಬಾಗಿಲಿಗೆ ಹಾಸಿಗೆ, ಫ್ಯಾನು ಬಂದ್.
ಮೇ ತಿಂಗಳ ಮಧ್ಯಾಹ್ನ; ದೇವರ ಮಾತಿಗೂ ಬೆವರು.

ನಾನು ಬಾಡಿಗೆಯ ಸೌಂಡಿನವನು. ಮದುವೆ, ಮೆಹಂದಿ,
ಚುನಾವಣೆಯ ರಿಕ್ಷಾ ಪ್ರಚಾರ,
ಕಳೆದ ತಿಂಗಳು ಕಾಣೆಯಾದ ನಾಯಿಮರಿಯೊಂದರ ಪ್ರಕಟಣೆ,
ಯಾವುದಾದರೂ ಗಂಟೆಗೆ ಇಷ್ಟು.
ಈ ಸಲ ಕೊರಗ ಭಾಷೆ. ಒಂದಕ್ಷರ ತಿಳಿಯದು ನನಗೆ.
ಕಿವಿಗೆ ಹೆಡ್‌ಫೋನು, ಕಣ್ಣೆದುರು ಹಸಿರು ಗೆರೆ,
ಅದು ಕೆಂಪಾಗದಂತೆ ನೋಡಿಕೊಂಡರೆ ಆಯಿತು.

ಕೆಂಪಾಗಲಿಲ್ಲ.
ಏಳಲೇ ಇಲ್ಲ.

ಅಂಗಾರು ಅಜ್ಜಿಗೆ ಓದು ಬರದು. ಸುಗಂಧಿ ಸೋನ್ಸ್ ಟೀಚರು
ಕಿವಿಯ ಬಳಿ ತುಳುವಿನಲ್ಲಿ ಒಂದು ಸಾಲು ಹೇಳುವುದು,
ಅಜ್ಜಿ ಕಣ್ಣು ಮುಚ್ಚಿ, ಎಲೆಯಡಿಕೆ ಆಚೆ ಕೆನ್ನೆಗೆ ಸರಿಸಿ
ತನ್ನದರಲ್ಲಿ ಅದನ್ನು ಮರಳಿಸುವುದು.
ಇನ್ನೂ ಸ್ವಲ್ಪ ಜೋರಾಗಿ, ಅಜ್ಜಿ.
"ಇದನ್ನು ಜೋರಾಗಿ ಆಡುವ ಕ್ರಮ ಇಲ್ಲ, ಮಗಾ,"
ಚಪ್ಪಲಿ ಹೊರಗಿಡುವ ಕ್ರಮ ಹೇಳಿದ ಹಾಗೆ, ಅಷ್ಟೇ ಸಾದಾ.
"ಹೊರಗಿನವರು ಬಂದರೆ ತುಳು. ಇದು ಒಲೆ ಹತ್ತಿರದ್ದು."

ಹದಿನೇಳನೆಯ ಟೇಕು: ಅರಸನ ಆಳುಗಳು ಗಂಡುಕೂಸುಗಳನ್ನು
ಹೊಳೆಗೆ ಹಾಕುತ್ತಿದ್ದಾರೆ. ತಾಯಿ ಒಂದು ಕುಕ್ಕೆ ತಂದು

ಅಜ್ಜಿ ಕಣ್ಣು ತೆರೆದಳು.
"ಯಾವ ಕುಕ್ಕೆ?"

ಟೀಚರು ಹಾಳೆ ನೋಡಿದರು. ಪಾದ್ರಿ ಎಬನೇಜರ್ ಕರ್ಕಡರೂ ಅದೇ ಹಾಳೆ ನೋಡಿದರು.
ಕುಕ್ಕೆ, ಅಜ್ಜಿ. ಬುಟ್ಟಿ.
"ಗೊಬ್ಬರ ಹೊರುವುದೊ? ಮೀನಿನದ್ದೊ? ಅನ್ನ ಬಸಿಯುವುದೊ?
ಕೋಳಿ ಮುಚ್ಚುವುದೊ? ಒಂದೊಂದಕ್ಕೆ ಒಂದೊಂದು ಹೆಸರು.
ಕೂಸು ಮಲಗುವಷ್ಟು ಅಗಲ, ಮೇಲೆ ಮುಚ್ಚಳ, ನೀರಿಗೆ ಬಿಡುವುದು,
ಅಂಥದ್ದಕ್ಕೆ ಹೆಸರಿಲ್ಲ. ಯಾರೂ ಹೇಳಿ ಮಾಡಿಸಿದ್ದಿಲ್ಲ.
ಹೆಣೆದದ್ದು ಯಾರು?"

ಅದು ಬರೆದಿಲ್ಲ, ಎಂದರು ಪಾದ್ರಿ.
"ಹೌದು," ಎಂದಳು. "ಅದನ್ನು ಬರೆಯುವುದಿಲ್ಲ."

ಅರ್ಧ ಗಂಟೆ ವಾದ. ನಿಲ್ಲಿಸುವ ಗುಂಡಿ ಒತ್ತಲು ನಾನು ಮರೆತಿದ್ದೆ.
ಜೊಂಡೊ ಬಳ್ಳಿಯೊ, ಅಡಿಗೆ ಎಷ್ಟು ಕಡ್ಡಿ,
ಅಂಟು ಒಳಗಿನಿಂದಲೊ ಹೊರಗಿನಿಂದಲೊ,
ಹೊರಗೆ ಮಾತ್ರ ಬಳಿದರೆ ಕೂಸು ಒದ್ದೆಯಾಗುವುದು ಖಂಡಿತ ಎಂದು
ಅವಳು ಎದ್ದು ನಿಂತೇ ಹೇಳಿದಳು.
ಆಗ ಮಾತ್ರ ಗೆರೆ ಏರಿತು, ಹಳದಿಯವರೆಗೆ.
ಮತ್ತೆ ಕೂತಳು. ಮಾತಿಲ್ಲ. ಸೀರೆಯ ಮೇಲೆ
ಬೆರಳು ಒಂದು ಮೇಲೆ, ಒಂದು ಕೆಳಗೆ ಸರಿಯುವ ಸದ್ದು,
ಇಲಿ ಕಾಗದ ಕೆರೆದಂತೆ.
ನಮ್ಮ ಕಸುಬಿನಲ್ಲಿ ಅದು ಕಸ. ತೆಗೆಯಬೇಕು.
ತೆಗೆಯಲಿಲ್ಲ.

ಕೊನೆಗೊಂದು ಹೆಸರು ಕೊಟ್ಟಳು. ಎರಡನ್ನು ಜೋಡಿಸಿದ್ದೊ,
ಆಗಷ್ಟೇ ಕಟ್ಟಿದ್ದೊ. ಪಾದ್ರಿ ಬರೆದು, ಹೊಡೆದು, ಮತ್ತೆ ಬರೆದರು.
ನಮ್ಮ ಲಿಪಿಯಲ್ಲಿ ಆ ಕೊನೆಯ ಸ್ವರ ಕೂರುತ್ತಿರಲಿಲ್ಲ.

ಐದು ಗಂಟೆಗೆ ಹೆಡ್‌ಫೋನು ಅವಳ ಕಿವಿಗಿಟ್ಟೆ; ತಲೆಯೆಣ್ಣೆ ಅಂಟಿತು.
ಮೊದಲಿನಿಂದ ಕೇಳಿದಳು.
"ಏರ್ ಮೋಲು?" ಯಾರಿವಳು?
ನೀವೇ, ಎಂದೆ.
"ಹೆದರಿ ಹೆದರಿ ಆಡುತ್ತಾಳೆ. ಹೇಳು ಅವಳಿಗೆ,
ಇಲ್ಲಿ ಯಾರೂ ಇಲ್ಲ ಅಂತ."

ನಾವು ಮೂವರೂ ಇದ್ದೆವು.
ಹೊರಗೆ ಮಲ್ಪೆ ಬಸ್ಸು ಹಾರನ್ ಹಾಕಿತು; ದಾಟಲಿ ಎಂದು ಕಾದೆವು.
ಜಾರಿದ ಕಂಬಳಿ ಸಿಕ್ಕಿಸಿದೆ.
ಹದಿನೆಂಟು.