ಸುರುಳಿ ಬಿಚ್ಚುವ ಮೊದಲು

ಬಾ ಗುತ್ಯಪ್ಪ, ಚಪ್ಪಲಿ ಹೊರಗೆ ಬಿಡು, ಈ ಬೂಟು ಹಾಕು.
ನಿನ್ನ ಕಾಲು ಏಳು, ಬೂಟು ಒಂಬತ್ತು.
ಏಳರದ್ದು ಬೇಕೆಂದು ಬರೆದು ಮೂರು ತಿಂಗಳು.
ಬರುವವರೆಗೆ ಎರಡು ಜೊತೆ ಕಾಲುಚೀಲ.

ಇದು ತಂತಿ.
ಬೇಲಿಯದಲ್ಲ, ಬಟ್ಟೆ ಒಣಗಿಸುವುದಲ್ಲ.
ನಾಲ್ಕು ಮಿಲ್ಲಿಮೀಟರ್ ದಪ್ಪ,
ಒಂದೊಂದು ಸುರುಳಿ ಆರು ಕ್ವಿಂಟಲ್.
ಪಟ್ಟಿ ಬಿಗಿದು ಕಳಿಸಿದ್ದಾರೆ, ನಾಲ್ಕು ಕಡೆ.
ಸುತ್ತಿದ್ದಾರೆ ಅಷ್ಟೆ, ಒಪ್ಪಿಸಿಲ್ಲ.
ನೆಟ್ಟಗಿರಬೇಕೆಂಬುದು ಅದರ ಹಟ;
ಪಟ್ಟಿ ಕತ್ತರಿಸಿದೆಯೋ
ಆ ಹಟ ಸೀದಾ ಮುಖಕ್ಕೆ.

ಹಾವಿನ ಹಾಗೆ ಅನ್ನಬೇಡ. ಹಾವು ಬುಸ್ಸೆನ್ನುತ್ತದೆ.
ಇನಾಸಣ್ಣನಿಗೆ ಏನೂ ಕೇಳಿಸಲಿಲ್ಲವಂತೆ.
ಗೇಟಿನಲ್ಲಿ ಕೂತಿದ್ದಾರಲ್ಲ, ಎಡಗಣ್ಣಿನ ಕೆಳಗೆ ಗೆರೆ?
ಪಂಜರಕ್ಕೆ ಇಳಿಸದೆ, ನೆಲದ ಮೇಲೇ,
ಊಟದ ಗಂಟೆಗೆ ಐದು ನಿಮಿಷ ಮೊದಲು.
ಕೇಳಿದರೆ ಬೆಕ್ಕು ಪರಚಿತು ಅನ್ನುತ್ತಾರೆ.

ಮೊದಲು ಪಂಜರ.
ಆಮೇಲೆ ಕನ್ನಡಕ, ಕೈಗವಸು. ಆಮೇಲೆ ಕತ್ತರಿ,
ಅದೂ ಒಂದೊಂದೇ ಪಟ್ಟಿ, ಸುರುಳಿಯ ಎದುರಿಗಲ್ಲ, ಪಕ್ಕಕ್ಕೆ ನಿಂತು.
ತುದಿಯನ್ನು ಇಕ್ಕಳದಲ್ಲಿ ಹಿಡಿದವನು ಬಿಡಬಾರದು,
ಮೂಗು ತುರಿಸಿದರೂ.

ಆ ಕಡೆ ತುಂಗೆ, ಈ ಕಡೆ ಭದ್ರೆ, ನಡುವೆ ಮಾಚೇನಹಳ್ಳಿ;
ತಂತಿಗೆ ಎರಡು ನೀರೂ ಆಗದು.
ಆರಿದ್ರೆ ಹುಟ್ಟಿದರೆ ಈ ಶೆಡ್ಡಿನ ತಗಡೂ ಬೆವರುತ್ತದೆ.
ಅದಕ್ಕೇ ಮರದ ದಿಮ್ಮಿ, ನೆಲದಿಂದ ಒಂದು ಗೇಣು ಮೇಲೆ.
ಟಾರ್ಪಾಲು ಹೊದಿಸು, ಬುಡ ಬಿಡು, ಗಾಳಿಯಾಡಲಿ.
ಬಾಣಂತಿಯನ್ನು ಮುಚ್ಚಿಟ್ಟ ಹಾಗೆ ಮುಚ್ಚಿದರೆ ಒಳಗೇ ತುಕ್ಕು.
ಬಟ್ಟೆಗೆ ಅಂಟಿ ಬರುವ ಕಂದುಪುಡಿ, ಪರವಾಗಿಲ್ಲ.
ಉಗುರಿಗೆ ಗುಳಿ ತಾಗಿತೋ, ನನ್ನನ್ನು ಕೂಗು.
ಉಪ್ಪಿನಕಾಯಿ ಡಬ್ಬಿ ಅದರ ಮೇಲಿಡಬೇಡ.
ನಗಬೇಡ, ಇಟ್ಟವರಿದ್ದಾರೆ.
ನಾನೇ.

ಹೋದ ವರ್ಷ, ಆಯುಧಪೂಜೆಯ ಹಿಂದಿನ ದಿನ,
ಲೋಕ್ಯಾನಾಯ್ಕ ಬಾಗಿಲ ಕೀಲಿಗೆ ವೆಲ್ಡಿಂಗ್ ಹಚ್ಚಿದ.
ಒಂದು ಕಿಡಿ ಹಾರಿ ಸುರುಳಿಯ ಮೇಲೆ ಕೂತಿತು,
ಸಾಸಿವೆಯಷ್ಟು.
ಯಾರೂ ನೋಡಲಿಲ್ಲ. ಲೋಕ್ಯಾ ನೋಡಿದ.
ರಾತ್ರಿಯೆಲ್ಲ ಹೊರಳಾಡಿ,
ಬೆಳಿಗ್ಗೆ ಯಂತ್ರಗಳಿಗೆ ಕುಂಕುಮ ಬೀಳುವ ಮೊದಲೇ ಬಂದು
ಅಕ್ಕಾ, ಇಲ್ಲಿ, ಎಂದು ಬೆರಳಿಟ್ಟ.
ನಾನು ಸುರುಳಿಗೆ ಕೆಂಪು ಬಣ್ಣ ಬಳಿದೆ.
ಮ್ಯಾನೇಜರು ಕೇಳಿದರು: ಆರು ಕ್ವಿಂಟಲ್, ಒಂದು ಸಾಸಿವೆಗೆ?
ಹೌದು ಸಾರ್. ಎಳೆದಾಗ ಅಲ್ಲೇ ತುಂಡಾಗುತ್ತದೆ.
ಆಗ ಜಾಕಿನ ಹಿಂದೆ ಯಾರಿರುತ್ತಾರೆ, ಹೆಸರು ಹೇಳಿ.
ಹೇಳಲಿಲ್ಲ.
ಲೋಕ್ಯಾನ ಎರಡು ದಿನದ ಸಂಬಳ ಹಿಡಿದರು.
ಹೀಗೆ ಹಿಡಿದರೆ ಮುಂದಿನ ಕಿಡಿಯನ್ನು ಯಾರು ತೋರಿಸುತ್ತಾರೆಂದು
ಬರೆದುಕೊಟ್ಟೆ. ಉತ್ತರವಿಲ್ಲ.
ಏಳರ ಬೂಟಿನ ಕಾಗದದ ಕೆಳಗೆಲ್ಲೋ ಇರಬೇಕು.

ಎಳೆಯುವಾಗ ಸೈರನ್ ಕೂಗುತ್ತದೆ.
ಸಾಲಿನ ತುದಿಯಲ್ಲಿ ನಿಲ್ಲಬೇಡ,
ದೊಡ್ಡವರು ಯಾರೇ ಬಂದು ನಿಂತಿರಲಿ.

ಕಳೆದ ವಾರದ ಲಾರಿ ಸೊರಬಕ್ಕೆ ಹೋಯಿತು,
ನಿಮ್ಮೂರ ದಾರಿಗೂ ನೆಟ್ಟಿರಬಹುದು ನಮ್ಮ ಕಂಬ.
ಹೊರಗಿನವರಿಗೆ ಕಾಣುವುದು ಸಿಮೆಂಟು.
ಒಳಗೆ ತಂತಿ ಇನ್ನೂ ಎಳೆಯುತ್ತಲೇ ಇರುತ್ತದೆ, ಹಗಲೂ ರಾತ್ರಿ;
ಕಂಬ ನಿಂತಿರುವುದು ಅದರಿಂದ.

ಇಲ್ಲಿ ಸಹಿ. ಓದಿ ಹಾಕು.
ಲೇಸು ಬಿಚ್ಚಿದೆ ನೋಡು.